ಯಾರೂ ಕಲಿಸದ ರೊಟ್ಟಿ

ನನ್ನ ತಂಗಿಯ ಮಗಳಿಗೆ ಆಗ ಹನ್ನೊಂದು ವರ್ಷ. ತಂಗಿಗೆ ಜ್ವರ ಎಂದು ತಿಳಿದು ಕಲಬುರಗಿಯ ಅವಳ ಮನೆಗೆ ಮಧ್ಯಾಹ್ನ ಹೋದಾಗ ಅಡುಗೆಮನೆಯಿಂದ ಪಟಪಟ ಸದ್ದು ಬರುತ್ತಿತ್ತು. ಇಣುಕಿ ನೋಡಿದರೆ ಹುಡುಗಿ ಪರಾತದ ಮುಂದೆ ಕೂತು ಜೋಳದ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಹೊಯ್ದು, ಕಲೆಸಿ, ಕೈಗೆ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ತಿಕ್ಕಿ ನಾದಿದ್ದಳು. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಒಂದು ಕೈಯಿಂದ ತಟ್ಟುತ್ತ, ಇನ್ನೊಂದು ಕೈಯ ಬೆರಳುಗಳಿಂದ ಅಂಚು ಒಡೆಯದಂತೆ ತಡೆಯುತ್ತ, ರೊಟ್ಟಿಯನ್ನು ತಿರುಗಿಸುತ್ತಿದ್ದಳು. ನಮ್ಮ ಅವ್ವನ ರೊಟ್ಟಿಯಷ್ಟು ಅದು ತೆಳ್ಳಗಿರಲಿಲ್ಲ, ಒಂದು ಬದಿ ಸೀಳಿತ್ತು ಕೂಡ. ಆದರೂ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ನೀರು ಇಂಗುವ ಹೊತ್ತಿಗೆ ಸರಿಯಾಗಿ ಮಗುಚಿದಳು.

"ಯಾರು ಕಲಿಸಿದರು ನಿನಗೆ?" ಎಂದು ಕೇಳಿದೆ.

"ಯಾರೂ ಕಲಿಸಿಲ್ಲ ದೊಡ್ಡವ್ವ. ಆಯಿ ಮಾಡುವುದನ್ನು ನೋಡಿದ್ದೇನೆ" ಎಂದಳು. ಆಯಿ ಎಂದರೆ ಅವಳ ಅಜ್ಜಿ, ನಮ್ಮ ಅವ್ವ.

ಇನ್ನೊಂದನ್ನು ಗಮನಿಸಿದೆ. ಪ್ರತಿ ರೊಟ್ಟಿ ಶುರು ಮಾಡುವ ಮೊದಲು ಅವಳು ಮುಂಗೈಯನ್ನು ಪರಾತದ ಅಂಚಿಗೆ ಎರಡು ಸಲ ತಾಕಿಸುತ್ತಿದ್ದಳು. ಅವ್ವ ಹಾಗೆ ಮಾಡುತ್ತಾಳೆ. ಅವ್ವನ ಕೈತುಂಬ ಹಸಿರು ಬಳೆಗಳಿವೆ, ಅವಕ್ಕೆ ಮೆತ್ತಿದ ಹಿಟ್ಟು ಉದುರಲಿ ಎಂದು. ಹುಡುಗಿಯ ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ.

ಶಿಕ್ಷಕರಾಗಲು ಓದುತ್ತಿರುವವರಿಗೆ ನಾನು ಮನೋವಿಜ್ಞಾನ ಪಾಠ ಮಾಡುತ್ತೇನೆ. ಇನ್ನೊಬ್ಬರನ್ನು ನೋಡಿ ಕಲಿಯುವುದನ್ನು ವಿವರಿಸುವ ಸಾಮಾಜಿಕ ಕಲಿಕಾ ಸಿದ್ಧಾಂತ ಅವರ ಪಠ್ಯದಲ್ಲಿದೆ. ಅದರ ನಾಲ್ಕು ಹಂತಗಳನ್ನು ಅವರು ಒಂದೇ ಉಸಿರಿಗೆ ಒಪ್ಪಿಸುತ್ತಾರೆ, ಹತ್ತು ಅಂಕದ ಪ್ರಶ್ನೆಗೆ ಅಷ್ಟು ಸಾಕು ಎಂದುಕೊಂಡಿರುತ್ತಾರೆ. ಆದರೆ ಈ ಸಿದ್ಧಾಂತದ ಜೀವ ಇರುವುದು ಆ ಅಡುಗೆಮನೆಯಲ್ಲಿ ನನಗೆ ಎದುರಾದ ಎರಡು ಪ್ರಶ್ನೆಗಳಲ್ಲಿ. ಕೈ ಹಚ್ಚದೆ ಅವಳು ಕಲಿತದ್ದು ಹೇಗೆ? ಆ ದಿನದವರೆಗೆ ಆ ಕಲಿಕೆ ಎಲ್ಲಿತ್ತು?

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಅಮೆರಿಕದ ಮನೋವಿಜ್ಞಾನದಲ್ಲಿ, ಹೊರಗೆ ಕಾಣುವ ವರ್ತನೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವ ವರ್ತನಾವಾದಿಗಳ ಮಾತೇ ನಡೆಯುತ್ತಿತ್ತು. ಬಿ. ಎಫ್. ಸ್ಕಿನ್ನರ್ ಅವರ ಪೆಟ್ಟಿಗೆಯೊಳಗಿನ ಇಲಿ ಸನ್ನೆಗೋಲನ್ನು ಒತ್ತುತ್ತದೆ, ಕಾಳು ಬೀಳುತ್ತದೆ, ಮತ್ತೆ ಒತ್ತುತ್ತದೆ. ಮಾಡಬೇಕು, ಮಾಡಿದ್ದಕ್ಕೆ ಫಲ ಸಿಗಬೇಕು, ಆಗ ಕಲಿಕೆ ಗಟ್ಟಿಯಾಗುತ್ತದೆ. ಈ ಫಲಕ್ಕೆ ನಮ್ಮ ಪುಸ್ತಕಗಳಲ್ಲಿ ಪುನರ್ಬಲನ ಎಂಬ ಹೆಸರಿದೆ. ಅನುಕರಣೆಯನ್ನೂ ಇದೇ ಚೌಕಟ್ಟಿಗೆ ತರುವ ಪ್ರಯತ್ನವನ್ನು 1941ರಲ್ಲಿ ನೀಲ್ ಮಿಲ್ಲರ್ ಮತ್ತು ಜಾನ್ ಡಾಲರ್ಡ್ ಮಾಡಿದ್ದರು. ಮಗು ಒಬ್ಬರಂತೆ ಮಾಡುತ್ತದೆ, ಹಾಗೆ ಮಾಡಿದ್ದಕ್ಕೆ ಮೆಚ್ಚುಗೆ ಸಿಗುತ್ತದೆ, ಹೀಗೆ ಅನುಕರಿಸುವುದನ್ನು ಕಲಿಯುತ್ತದೆ ಎಂಬುದು ಅವರ ವಾದ. ಇದರ ಪ್ರಕಾರ ನಮ್ಮ ಹುಡುಗಿ ಮೊದಲು ರೊಟ್ಟಿ ತಟ್ಟಿರಬೇಕು, ಶಹಬ್ಬಾಸ್ ಅನ್ನಿಸಿಕೊಂಡಿರಬೇಕು. ಅವಳು ತಟ್ಟಿಯೇ ಇರಲಿಲ್ಲ.

ಎಲ್ಲವನ್ನೂ ಮಾಡಿ, ತಪ್ಪಿ, ಪೆಟ್ಟು ತಿಂದೇ ಕಲಿಯಬೇಕಾಗಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದೆವೋ ಏನೋ. ಬಾವಿಗೆ ಈಜಲು ಹೋದ ಹುಡುಗರು ನೀರಿಗಿಳಿಯುವ ಮೊದಲು ಮೆಟ್ಟಿಲ ಮೇಲೆ ಕೂತು ಎಷ್ಟೋ ದಿನ ನೋಡುತ್ತಾರೆ. ರಾಶಿ ಯಂತ್ರಕ್ಕೆ ತೊಗರಿ ಕಟ್ಟು ಕೊಡುವವನು ಕೈಯನ್ನು ಎಲ್ಲಿಯವರೆಗೆ ಒಯ್ಯಬಾರದು ಎಂಬುದನ್ನು ಕೈ ಕಳೆದುಕೊಂಡು ಕಲಿಯುವುದಿಲ್ಲ.

ಈ ಸರಳ ಸಂಗತಿಯನ್ನು ಸಿದ್ಧಾಂತದ ಮಟ್ಟಕ್ಕೆ ಏರಿಸಿದವರು ಆಲ್ಬರ್ಟ್ ಬಂಡುರಾ. 1925ರಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತದ ಮಂಡೇರ್ ಎಂಬ ಸಣ್ಣ ಊರಿನಲ್ಲಿ, ಪೂರ್ವ ಯುರೋಪಿನಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿದರು. ಊರಿಗೆಲ್ಲ ಒಂದೇ ಶಾಲೆ, ಪ್ರೌಢಶಾಲೆಯ ಪಾಠಗಳಿಗೆಲ್ಲ ಇಬ್ಬರೇ ಶಿಕ್ಷಕರು. ಹೆಚ್ಚಿನದನ್ನು ಮಕ್ಕಳು ತಾವೇ ಕಲಿತುಕೊಳ್ಳಬೇಕಿತ್ತು. ಸುರಪುರ, ಔರಾದ ಕಡೆಯ ಹಳ್ಳಿ ಶಾಲೆಗಳಿಂದ ಬರುವ ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ಅವರ ಮುಖ ಅರಳುವುದನ್ನು ನೋಡಿದ್ದೇನೆ. 1952ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಮರುವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದ ಬಂಡುರಾ 2021ರಲ್ಲಿ ತೀರಿಕೊಂಡರು. ಅವರಿಗೆ ಆಗ 95 ವರ್ಷ.

ಅವರ ಹೆಸರಿನ ಜೊತೆಗೇ ನೆನಪಾಗುವುದು ಬೋಬೋ ಗೊಂಬೆ. ಗಾಳಿ ತುಂಬಿದ, ಅಡಿಯಲ್ಲಿ ಭಾರವಿರುವ, ಹೊಡೆದರೆ ಬಿದ್ದು ಮತ್ತೆ ಎದ್ದು ನಿಲ್ಲುವ ಗೊಂಬೆ. 1961ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಂಡುರಾ, ಡೊರೊತಿಯಾ ರಾಸ್ ಮತ್ತು ಶೀಲಾ ರಾಸ್ ಅವರು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದ 72 ಮಕ್ಕಳನ್ನು ತೆಗೆದುಕೊಂಡರು. ಗಂಡುಮಕ್ಕಳು 36, ಹೆಣ್ಣುಮಕ್ಕಳು 36. ವಯಸ್ಸು ಮೂರರಿಂದ ಆರರೊಳಗೆ. ಮಗುವನ್ನು ಕೋಣೆಯ ಒಂದು ಮೂಲೆಯಲ್ಲಿ ಆಲೂಗಡ್ಡೆಯ ಅಚ್ಚುಗಳಿಂದ ಚಿತ್ರ ಮಾಡಲು ಕೂರಿಸುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಒಬ್ಬ ದೊಡ್ಡವರು. 24 ಮಕ್ಕಳ ಎದುರು ಆ ದೊಡ್ಡವರು ಗೊಂಬೆಯ ಮೇಲೆ ಕೂತು ಮೂಗಿಗೆ ಗುದ್ದುತ್ತಾರೆ, ಮರದ ಸುತ್ತಿಗೆಯಿಂದ ತಲೆಗೆ ಬಡಿಯುತ್ತಾರೆ, ಎತ್ತಿ ಎಸೆದು ಒದೆಯುತ್ತಾರೆ, ಜೊತೆಗೆ ಕೆಲವು ನಿರ್ದಿಷ್ಟ ಮಾತುಗಳನ್ನೂ ಆಡುತ್ತಾರೆ. ಇನ್ನು 24 ಮಕ್ಕಳ ಎದುರು ಅವರು ಗೊಂಬೆಯ ಗೊಡವೆಗೇ ಹೋಗದೆ ತಮ್ಮ ಪಾಡಿಗೆ ಆಟಿಕೆ ಜೋಡಿಸುತ್ತಾರೆ. ಉಳಿದ 24 ಮಕ್ಕಳು ಯಾರನ್ನೂ ನೋಡುವುದಿಲ್ಲ.

ಆಮೇಲೆ ಮಗುವಿಗೆ ಚೆಂದದ ಆಟಿಕೆಗಳನ್ನು ಕೊಟ್ಟು, ಆಟ ರುಚಿ ಹತ್ತುವಷ್ಟರಲ್ಲಿ ಕಸಿದುಕೊಂಡು, ಬೇರೆ ಕೋಣೆಗೆ ಬಿಡುತ್ತಿದ್ದರು. ಅಲ್ಲಿ ಗೊಂಬೆಯೂ ಇತ್ತು, ಸುತ್ತಿಗೆಯೂ ಇತ್ತು, ಗೊಂಬೆಗೆ ಸಂಬಂಧವಿಲ್ಲದ ಆಟಿಕೆಗಳೂ ಇದ್ದವು. ಇಪ್ಪತ್ತು ನಿಮಿಷ ಗಾಜಿನ ಮರೆಯಿಂದ ನೋಡಿದರು. ಹೊಡೆಯುವವರನ್ನು ನೋಡಿದ ಮಕ್ಕಳು ಹೊಡೆದರು. ಅದಕ್ಕಿಂತ ಮುಖ್ಯವಾದದ್ದು, ಅವರು ಹೊಡೆದದ್ದು ಅದೇ ಬಗೆಯಲ್ಲಿ, ಆಡಿದ್ದು ಅದೇ ಮಾತು. ಸುಮ್ಮನೆ ಸಿಟ್ಟು ಬಂದು ಹೊಡೆಯುವ ಮಗು ತನ್ನದೇ ರೀತಿಯಲ್ಲಿ ಹೊಡೆಯುತ್ತದೆ. ಈ ಮಕ್ಕಳ ಕೈಯಲ್ಲಿ ಇನ್ನೊಬ್ಬರ ಕೈ ಕಾಣುತ್ತಿತ್ತು.

ಈ ಪ್ರಯೋಗ ಎಲ್ಲರಿಗೂ ಗೊತ್ತು. ನನ್ನ ಮಟ್ಟಿಗೆ ದೊಡ್ಡದು 1965ರದ್ದು. ಅದನ್ನು ನಮ್ಮ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ, ಅದು ನನಗೆ ಬೇಸರ. ಈ ಸಲ 66 ಮಕ್ಕಳಿಗೆ ಚಿಕ್ಕದೊಂದು ಚಿತ್ರ ತೋರಿಸಿದರು. ಮೂರು ಗುಂಪಿಗೂ ಚಿತ್ರ ಒಂದೇ, ಕೊನೆ ಮಾತ್ರ ಬೇರೆ. ಒಂದು ಗುಂಪು ನೋಡಿದ ಚಿತ್ರದಲ್ಲಿ ಗೊಂಬೆಗೆ ಹೊಡೆದವನಿಗೆ ತಂಪು ಪಾನೀಯ, ಮಿಠಾಯಿ, ಹೊಗಳಿಕೆ. ಎರಡನೆಯದರಲ್ಲಿ ಬೈಗುಳ ಮತ್ತು ಪೆಟ್ಟು. ಮೂರನೆಯದರಲ್ಲಿ ಏನೂ ಆಗುವುದಿಲ್ಲ. ಆಮೇಲೆ ಆಡಲು ಬಿಟ್ಟಾಗ, ಪೆಟ್ಟು ತಿಂದವನನ್ನು ನೋಡಿದ ಮಕ್ಕಳು ಉಳಿದವರಿಗಿಂತ ಕಡಿಮೆ ಅನುಕರಿಸಿದರು. ಇಲ್ಲಿಗೆ ನಿಲ್ಲಿಸಿದ್ದರೆ ಶಿಕ್ಷೆಯನ್ನು ನೋಡಿದವರು ಕಲಿಯಲಿಲ್ಲ ಎಂದು ಬರೆದು ಮುಗಿಸಬಹುದಿತ್ತು.

ಬಂಡುರಾ ನಿಲ್ಲಿಸಲಿಲ್ಲ. ಈಗ ಮಕ್ಕಳಿಗೆ ಹೇಳಿದರು: ಚಿತ್ರದಲ್ಲಿ ಅವನು ಏನೇನು ಮಾಡಿದ, ಮಾಡಿ ತೋರಿಸಿ. ತೋರಿಸಿದ ಒಂದೊಂದಕ್ಕೂ ಹಣ್ಣಿನ ರಸ, ಅಂಟಿಸುವ ಚಿತ್ರ. ಮೂರೂ ಗುಂಪುಗಳ ನಡುವಿನ ವ್ಯತ್ಯಾಸ ಅಳಿಸಿಹೋಯಿತು. ಪೆಟ್ಟಿನ ಚಿತ್ರ ನೋಡಿ ಸುಮ್ಮನಿದ್ದ ಮಕ್ಕಳೂ ಉಳಿದವರಷ್ಟೇ ಮಾಡಿ ತೋರಿಸಿದರು. ಅವರೆಲ್ಲ ಅಷ್ಟನ್ನೂ ಕಲಿತೇ ಇದ್ದರು. ಹೊರಗೆ ಹಾಕಿರಲಿಲ್ಲ, ಅಷ್ಟೆ.

ಕಲಿಯುವುದು ಬೇರೆ, ಕಲಿತದ್ದನ್ನು ಮಾಡುವುದು ಬೇರೆ. ಮೊದಲನೆಯದಕ್ಕೆ ನೋಟ ಸಾಕಾಗಬಹುದು. ಎರಡನೆಯದಕ್ಕೆ ಕಾರಣ ಬೇಕು. ನಮ್ಮ ಹುಡುಗಿಯ ರೊಟ್ಟಿ ವರ್ಷಗಟ್ಟಲೆ ಅವಳೊಳಗೆ ಇತ್ತು. ಅವ್ವ ಇಲ್ಲದ ಮನೆಯಲ್ಲಿ, ತಾಯಿ ಹಾಸಿಗೆ ಹಿಡಿದ ದಿನ, ಅದಕ್ಕೊಂದು ಕಾರಣ ಸಿಕ್ಕಿತು.

ಈ ಪ್ರಯೋಗಗಳ ಬಗ್ಗೆ ಆಕ್ಷೇಪಗಳಿವೆ, ಅವು ನ್ಯಾಯವಾಗಿಯೂ ಇವೆ. ಆ ಗೊಂಬೆ ಇರುವುದೇ ಹೊಡೆಯುವುದಕ್ಕೆ. ದೊಡ್ಡವರು ತನ್ನಿಂದ ಇದನ್ನೇ ಬಯಸುತ್ತಾರೆ ಎಂದು ಮಗು ಊಹಿಸಿರಬಹುದು. ಒಂದು ವಿಶ್ವವಿದ್ಯಾಲಯದ ಶಿಶುವಿಹಾರದ ಮಕ್ಕಳು ಲೋಕದ ಎಲ್ಲ ಮಕ್ಕಳಲ್ಲ. ಇಪ್ಪತ್ತು ನಿಮಿಷದ ಆಟವನ್ನು ನೋಡಿ ಆ ಮಗು ಮುಂದೆ ಹೊಡೆದಾಡುವ ಮನುಷ್ಯನಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಆದರೆ ಕಲಿಕೆಗೂ ಮಾಡುವಿಕೆಗೂ ನಡುವೆ ಇರುವ ಆ ಬಿರುಕು ಈ ಯಾವ ಆಕ್ಷೇಪದಿಂದಲೂ ಮುಚ್ಚುವುದಿಲ್ಲ.

ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಸುತ್ತಲಿನ ಎಷ್ಟೋ ಸಂಗತಿಗಳು ಬೇರೆಯಾಗಿ ಕಾಣುತ್ತವೆ. ತಮ್ಮನಿಗೆ ಹೊಡೆದ ಅಣ್ಣನನ್ನು ಹಿಡಿದು, ಹೊಡೆಯಬಾರದು ಎನ್ನುತ್ತ ಅಪ್ಪ ನಾಲ್ಕು ಬಾರಿಸುತ್ತಾನೆ. ಆ ಹೊತ್ತಿಗೆ ಅಣ್ಣ ಕೈ ತಡೆಯುತ್ತಾನೆ. ಆದರೆ ದೊಡ್ಡವನು ಚಿಕ್ಕವನ ಮೇಲೆ ತನ್ನ ಮಾತು ನಡೆಸುವುದು ಹೇಗೆ ಎಂಬುದನ್ನು ಅವನು ಅದೇ ಹೊತ್ತಿಗೆ ನೋಡಿ ಇಟ್ಟುಕೊಂಡಿರುತ್ತಾನೆ. ಪರೀಕ್ಷೆಯ ಮಾತೂ ಹೀಗೆಯೇ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು, ಕೊಠಡಿಗಳಲ್ಲಿ ಕ್ಯಾಮೆರಾ ಕೂತವು. ಅದು ಬೇಕಾಗಿತ್ತು, ನಾನು ಒಪ್ಪುತ್ತೇನೆ. ಆದರೆ ಮುಂದಿನ ಬೆಂಚಿನವನು ಚೀಟಿ ನೋಡಿ ಬರೆದದ್ದನ್ನು, ಅವನಿಗೆ ಏನೂ ಆಗದೆ ಅಂಕ ಮಾತ್ರ ಬಂದದ್ದನ್ನು ವರ್ಷಗಟ್ಟಲೆ ಕಂಡ ಮಕ್ಕಳು ಅದನ್ನು ಮರೆತಿರುವುದಿಲ್ಲ. ಬೇರೆಯವರಿಗೆ ಸಿಕ್ಕ ಫಲ ನೋಡುವವರ ಮೇಲೂ ಕೆಲಸ ಮಾಡುತ್ತದೆ. ಇದನ್ನು ಪರೋಕ್ಷ ಪುನರ್ಬಲನ ಎನ್ನುತ್ತಾರೆ. ಕ್ಯಾಮೆರಾ ತಡೆಯುವುದು ಮಾಡುವಿಕೆಯನ್ನು. ಕಲಿತದ್ದನ್ನು ತೆಗೆದುಹಾಕುವ ಶಕ್ತಿ ಅದಕ್ಕಿಲ್ಲ.

ಹಾಗಾದರೆ ಕಂಡದ್ದೆಲ್ಲ ಕಲಿಕೆಯಾಗುತ್ತದೆಯೇ? ಆಗುವುದಿಲ್ಲ. 1977ರಲ್ಲಿ ಈ ಸಿದ್ಧಾಂತಕ್ಕೆ ಪುಸ್ತಕದ ರೂಪ ಕೊಟ್ಟಾಗ ಬಂಡುರಾ ವಿವರಿಸಿದ ನಾಲ್ಕು ಪ್ರಕ್ರಿಯೆಗಳು ಇಲ್ಲಿ ಬರುತ್ತವೆ: ಅವಧಾನ, ಧಾರಣ, ಪುನರುತ್ಪಾದನೆ, ಅಭಿಪ್ರೇರಣೆ. ಹೆಸರುಗಳು ಒಣಗಿದ ಕಟ್ಟಿಗೆಯಂತಿವೆ. ಬೀದರಿನ ಬಿದರಿ ಕೆಲಸದ ಅಂಗಡಿಯೊಂದರಲ್ಲಿ ಅರ್ಧ ದಿನ ಕೂತರೆ ಅವಕ್ಕೆ ಚಿಗುರು ಬರುತ್ತದೆ.

ಬಿದರಿ ಪಾತ್ರೆ ಮುಖ್ಯವಾಗಿ ಸತುವಿನದು, ಅದಕ್ಕೆ ಸ್ವಲ್ಪ ತಾಮ್ರ ಬೆರೆಸಿರುತ್ತಾರೆ. ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಗೀರು ಕಾಣಲಿ ಎಂದು. ಆಮೇಲೆ ಉಳಿಯಿಂದ ಬಳ್ಳಿ, ಹೂವು ಕೊರೆದು, ಆ ಸೀಳುಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡು ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಲ್ಲಿ ಹಾಕಿದರೆ ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆ ಬಂತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು.

ಅಂಥ ಅಂಗಡಿಯಲ್ಲಿ ಹೊಸದಾಗಿ ಸೇರಿದ ಹುಡುಗನನ್ನು ನೋಡಿ. ಮೊದಲ ದಿನ ಅವನ ಕಣ್ಣು ಹೊಳೆಯುವ ಬೆಳ್ಳಿಯ ಮೇಲಿರುತ್ತದೆ. ಉಸ್ತಾದರ ಎಡಗೈ ಪಾತ್ರೆಯನ್ನು ಎಷ್ಟೆಷ್ಟು ತಿರುಗಿಸುತ್ತಿದೆ ಎಂಬುದು ಅವನಿಗೆ ಕಾಣುವುದೇ ಇಲ್ಲ. ಕೆಲಸ ಅಡಗಿರುವುದು ಅಲ್ಲಿ. ನೋಡುವುದು ಮತ್ತು ಗಮನ ಇಟ್ಟು ನೋಡುವುದರ ನಡುವಿನ ಈ ಅಂತರವೇ ಅವಧಾನದ ಪ್ರಶ್ನೆ. ಯಾರ ಮೇಲೆ ಪ್ರೀತಿ, ಭಯ, ಗೌರವ ಇದೆಯೋ ಅವರ ಮೇಲೆ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತದೆ. ಕಂಡದ್ದನ್ನು ಅವನು ಮನಸ್ಸಿನಲ್ಲಿ ಚಿತ್ರವಾಗಿಯೋ ಮಾತಾಗಿಯೋ ಕಟ್ಟಿಕೊಳ್ಳಬೇಕು. ಎರಡು ಪೆಟ್ಟು, ಒಂದು ತಿರುವು, ಮತ್ತೆ ಎರಡು ಪೆಟ್ಟು ಎಂದು ಒಳಗೇ ಲೆಕ್ಕ ಹಾಕಿಕೊಂಡವನಿಗೆ ಅದು ಮರುದಿನವೂ ಉಳಿಯುತ್ತದೆ. ಇದು ಧಾರಣ. ಆಮೇಲೆ ಕೈಯ ಸರದಿ, ಅದು ಪುನರುತ್ಪಾದನೆ. ತಲೆಯಲ್ಲಿ ಬಳ್ಳಿ ಸ್ಪಷ್ಟವಾಗಿದ್ದರೂ ಕೈಯಲ್ಲಿನ ಉಳಿ ಜಾರುತ್ತದೆ. ಕೊನೆಗೆ ಮಾಡಬೇಕೆಂಬ ಮನಸ್ಸೂ ಬೇಕು, ಅದು ಅಭಿಪ್ರೇರಣೆ. ಮನೆಯಲ್ಲಿ ನಲವತ್ತು ವರ್ಷ ರೊಟ್ಟಿ ತಟ್ಟುವುದನ್ನು ನೋಡಿಯೂ ಒಂದು ರೊಟ್ಟಿ ತಟ್ಟಲಾರದ ಗಂಡಸರು ಎಷ್ಟು ಮಂದಿಯಿಲ್ಲ! ಗಮನವೇ ಇಟ್ಟಿರಲಿಲ್ಲವೋ, ಕೈಗೆ ಅಭ್ಯಾಸವಿಲ್ಲವೋ, ಇದು ನನ್ನ ಕೆಲಸವಲ್ಲ ಎಂಬ ಭಾವವೋ, ಮೂರೂ ಬೇರೆ ಬೇರೆ ಕಾರಣಗಳು. ಶಿಕ್ಷಕರು ಮಗುವಿಗೆ ಬರುವುದಿಲ್ಲ ಎಂದು ಷರಾ ಬರೆಯುವ ಮೊದಲು ಸರಪಳಿಯ ಯಾವ ಕೊಂಡಿ ಕಳಚಿದೆ ಎಂದು ಹುಡುಕಬೇಕು. ಈ ನಾಲ್ಕು ಹೆಸರುಗಳ ಉಪಯೋಗ ಅದು.

ಬಿದರಿಯ ಮಣ್ಣಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಒಳ್ಳೆಯ ಮಣ್ಣನ್ನು ಕಸುಬುದಾರರು ನಾಲಿಗೆಗೆ ಹಚ್ಚಿ, ರುಚಿ ನೋಡಿ ಗುರುತಿಸುತ್ತಾರೆ. ಶತಮಾನಗಳಿಂದ ಬಿಸಿಲು ಮಳೆ ತಾಗದ ಕೋಟೆಯ ಭಾಗಗಳ ಮಣ್ಣೇ ಆಗಬೇಕು ಎನ್ನುತ್ತಾರೆ. ಆ ರುಚಿ ಹೇಗಿರಬೇಕು ಎಂಬುದನ್ನು ಮಾತಿನಲ್ಲಿ ಹೇಳಿ ಕಲಿಸುವುದು ಸಾಧ್ಯವೇ? ಉಸ್ತಾದರು ನಾಲಿಗೆಗೆ ಹಚ್ಚುವುದನ್ನು ನೋಡಿದ ಶಿಷ್ಯ ತಾನೂ ಹಚ್ಚುತ್ತಾನೆ. ಮೊದಲು ಏನೂ ತಿಳಿಯದೆ ಹಚ್ಚುತ್ತಾನೆ. ತಿಳಿವು ಆಮೇಲೆ ಬರುತ್ತದೆ.

ಇಲ್ಲಿ ನನಗೆ 2005ರ ಒಂದು ಅಧ್ಯಯನ ನೆನಪಾಗುತ್ತದೆ. ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಅವರು ತಿನಿಸು ಇಟ್ಟ ಪೆಟ್ಟಿಗೆಯೊಂದನ್ನು ತೆರೆಯುವುದು ಹೇಗೆಂದು ಚಿಂಪಾಂಜಿಗಳಿಗೂ ಮೂರು ನಾಲ್ಕು ವರ್ಷದ ಮಕ್ಕಳಿಗೂ ತೋರಿಸಿದರು. ತೋರಿಸಿದ ಹೆಜ್ಜೆಗಳಲ್ಲಿ ಕೆಲವು ಪೂರ್ತಿ ಅನಗತ್ಯ. ಪೆಟ್ಟಿಗೆ ಪಾರದರ್ಶಕವಾಗಿದ್ದಾಗ, ಯಾವ ಹೆಜ್ಜೆ ದಂಡ ಎಂಬುದು ಕಣ್ಣಿಗೇ ಕಾಣುವಾಗ, ಚಿಂಪಾಂಜಿಗಳು ಆ ಹೆಜ್ಜೆ ಬಿಟ್ಟು ನೇರ ತಿನಿಸಿಗೆ ಕೈ ಹಾಕಿದವು. ಮಕ್ಕಳು ಆಗಲೂ ಎಲ್ಲ ಹೆಜ್ಜೆಗಳನ್ನೂ ತಪ್ಪದೆ ಮಾಡಿದರು. ಮೇಲ್ನೋಟಕ್ಕೆ ಚಿಂಪಾಂಜಿಯೇ ಜಾಣ. ಆದರೆ ಯೋಚಿಸಿ. ಮನುಷ್ಯರ ಕಸುಬುಗಳಲ್ಲಿ ಯಾವ ಹೆಜ್ಜೆ ಬೇಕು, ಯಾವುದು ಬೇಡ ಎಂಬುದು ಹೊಸಬನಿಗೆ ತಿಳಿಯುವುದೇ ಇಲ್ಲ. ಮಣ್ಣಿನ ರುಚಿ ನೋಡುವುದು ದಂಡದ ಕೆಲಸ ಎಂದುಕೊಂಡು ಬಿಟ್ಟವನ ಪಾತ್ರೆ ಕಪ್ಪಾಗುವುದಿಲ್ಲ. ಎಲ್ಲವನ್ನೂ ಹಾಗೆಯೇ ಎತ್ತಿಕೊಂಡು, ಬೇಡದ್ದನ್ನು ಆಮೇಲೆ ಉದುರಿಸುವುದು ಕ್ಷೇಮ. ಬಳೆಯಿಲ್ಲದ ಮುಂಗೈಯನ್ನು ಪರಾತಕ್ಕೆ ತಾಕಿಸುವ ಹುಡುಗಿ ಇದನ್ನೇ ಮಾಡುತ್ತಿದ್ದಳು. ನಮ್ಮ ಎಷ್ಟೋ ಒಳ್ಳೆಯ ಪದ್ಧತಿಗಳು ಉಳಿದುಬಂದಿರುವುದು ಹೀಗೆ. ಕಾರಣ ಸತ್ತುಹೋದ ಎಷ್ಟೋ ಕೆಟ್ಟ ಪದ್ಧತಿಗಳು, ಯಾರನ್ನು ಹೊಸ್ತಿಲ ಹೊರಗೆ ನಿಲ್ಲಿಸಬೇಕು, ಯಾರಿಗೆ ಬೇರೆ ಲೋಟದಲ್ಲಿ ಚಹಾ ಕೊಡಬೇಕು ಎಂಬಂಥವು, ಉಳಿದುಬಂದಿರುವುದೂ ಹೀಗೆಯೇ. ಅವನ್ನು ಯಾವ ತಾಯಿಯೂ ಮಗುವನ್ನು ಕೂರಿಸಿಕೊಂಡು ಪಾಠ ಹೇಳಿಕೊಟ್ಟಿರುವುದಿಲ್ಲ.

ಮಾದರಿ ಕಣ್ಣೆದುರೇ ಇರಬೇಕೆಂದಿಲ್ಲ. 1963ರಲ್ಲಿ ಬಂಡುರಾ ಮತ್ತು ಸಂಗಡಿಗರು ಗೊಂಬೆಯ ಪ್ರಯೋಗವನ್ನು ಚಲನಚಿತ್ರದಲ್ಲಿ ತೋರಿಸಿ ಮಾಡಿದಾಗ, ತೆರೆಯ ಮೇಲಿನ ಮನುಷ್ಯರನ್ನು ಕಂಡ ಮಕ್ಕಳೂ ಅನುಕರಿಸಿದರು. ನಮ್ಮ ಭಾಗಕ್ಕೆ ಇದರೊಡನೆ ಒಂದು ನಂಟಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮಗಳು ಬಂದವು. ಕರ್ನಾಟಕದಲ್ಲಿ ಆಯ್ಕೆಯಾದ ಹಳ್ಳಿಗಳು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳವು. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯೊಳಗೇ ಇತ್ತು. ಬೆಂಗಳೂರಿನವರು ತಮ್ಮೂರಿನಲ್ಲಿ ದೂರದರ್ಶನ ಕಾಣುವ ಮೊದಲೇ ನಮ್ಮ ಹಳ್ಳಿಗಳ ಜನ ಶಾಲೆಯಂಗಳದಲ್ಲಿ ಕೂತು ಒಕ್ಕಲುತನ, ಆರೋಗ್ಯದ ಕಾರ್ಯಕ್ರಮಗಳನ್ನು ನೋಡಿದ್ದರು.

ಆದರೆ ತೋರಿಸುವವರು ಬಯಸಿದ್ದನ್ನೇ ನೋಡುವವರು ಕಲಿಯುತ್ತಾರೆ ಎಂಬ ಭರವಸೆಯಿಲ್ಲ. 1984ರಲ್ಲಿ ಶುರುವಾದ 'ಹಮ್ ಲೋಗ್' ಧಾರಾವಾಹಿಯನ್ನು ಈ ಸಿದ್ಧಾಂತದ ನೆರಳಿನಲ್ಲೇ ರೂಪಿಸಿದ್ದರು. ಮೆಕ್ಸಿಕೊದಲ್ಲಿ ಟಿವಿ ನಿರ್ಮಾಪಕ ಮಿಗೆಲ್ ಸಬಿದೊ ಬಂಡುರಾ ಅವರ ವಿಚಾರಗಳನ್ನು ಬಳಸಿ ಕಟ್ಟಿದ ಸಾಮಾಜಿಕ ಧಾರಾವಾಹಿಗಳು ಅದಕ್ಕೆ ಮಾದರಿ. ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿಯ ಪಾತ್ರವನ್ನು ಹೀಗಾಗಬಾರದು ಎಂದು ತೋರಿಸಲು ಇಟ್ಟಿದ್ದರು. ಅನೇಕ ಪ್ರೇಕ್ಷಕರು ಅವಳನ್ನೇ ಆದರ್ಶವೆಂದು ಎತ್ತಿಕೊಂಡರು. ಮಾದರಿಯನ್ನು ಆರಿಸುವ ಹಕ್ಕು ಕೊನೆಗೂ ನೋಡುವವರದು.

ಆ ಆಯ್ಕೆ ಹೆಚ್ಚಾಗಿ ತಮ್ಮಂಥವರ ಕಡೆಗೆ ವಾಲುತ್ತದೆ. ತೊಗರಿ ಹೊಲದಲ್ಲಿ ಇದನ್ನು ಕಾಣಬಹುದು. ಬಿತ್ತಿ ಸುಮಾರು 45-50 ದಿನವಾದಾಗ ತೊಗರಿಯ ಕುಡಿ ಚಿವುಟಿದರೆ ಪಕ್ಕದ ಟೊಂಗೆಗಳು ಒಡೆದು ಕಾಯಿ ಹೆಚ್ಚಾಗುತ್ತವೆ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಸಾಲ ತಂದು ಬಿತ್ತಿದ, ಈಗಷ್ಟೇ ಎದ್ದು ನಿಂತ ಬೆಳೆಯ ತುದಿಯನ್ನು ಕೈಯಾರೆ ಕಿತ್ತು ಹಾಕಲು ಯಾವ ರೈತನಿಗೆ ಮನಸ್ಸು ಬಂದೀತು? ಕರಪತ್ರ ಓದಿದರೂ ಬರುವುದಿಲ್ಲ, ಭಾಷಣ ಕೇಳಿದರೂ ಬರುವುದಿಲ್ಲ. ಪಕ್ಕದ ಹೊಲದವನು ನಾಲ್ಕು ಸಾಲು ಚಿವುಟಿರುತ್ತಾನೆ. ಅವನದೂ ಇದೇ ಕರಿಮಣ್ಣು, ಇದೇ ಮಳೆ, ಇಷ್ಟೇ ಎಕರೆ. ದಿನಾ ಬದುವಿನ ಮೇಲೆ ನಿಂತು ಇವನು ನೋಡುತ್ತಾನೆ, ಒಂದು ಮಾತೂ ಆಡುವುದಿಲ್ಲ. ಮರುವರ್ಷ ತನ್ನ ಹೊಲದಲ್ಲೂ ನಾಲ್ಕು ಸಾಲು ಚಿವುಟುತ್ತಾನೆ. ಕೃಷಿ ವಿಜ್ಞಾನ ಕೇಂದ್ರಗಳು ರೈತರ ಹೊಲದಲ್ಲೇ ಪ್ರಾತ್ಯಕ್ಷಿಕೆ ಮಾಡಿ, ಕ್ಷೇತ್ರೋತ್ಸವ ಕರೆದು ಸುತ್ತಲಿನವರಿಗೆ ತೋರಿಸುವುದರ ಹಿಂದಿನ ತಿಳಿವಳಿಕೆ ಇದೇ.

ತನ್ನಂಥವನಿಗೆ ಸಾಧ್ಯವಾಯಿತು, ತನಗೂ ಸಾಧ್ಯ ಎಂಬ ಈ ನಂಬಿಕೆಯನ್ನು ಬಂಡುರಾ ಸ್ವ-ಸಾಮರ್ಥ್ಯದ ನಂಬಿಕೆ ಎಂದು ಕರೆದು, ಮುಂದಿನ ದಶಕಗಳಲ್ಲಿ ಅದನ್ನೇ ತಮ್ಮ ಚಿಂತನೆಯ ನಡುವಿಗೆ ತಂದರು. 1986ರ ಹೊತ್ತಿಗೆ ಸಿದ್ಧಾಂತದ ಹೆಸರನ್ನೂ ಸಾಮಾಜಿಕ ಸಂಜ್ಞಾನಾತ್ಮಕ ಸಿದ್ಧಾಂತ ಎಂದು ಬದಲಿಸಿದರು. ಇದರ ಬೇರು 1967ರ ಒಂದು ಕೆಲಸದಲ್ಲಿದೆ. ನಾಯಿಯೆಂದರೆ ಹೆದರುವ ಪುಟ್ಟ ಮಕ್ಕಳಿಗೆ, ತಮ್ಮದೇ ವಯಸ್ಸಿನ ಹುಡುಗನೊಬ್ಬ ನಾಯಿಯ ಹತ್ತಿರ ಹೆಜ್ಜೆಹೆಜ್ಜೆಯಾಗಿ ಹೋಗಿ ಆಡುವುದನ್ನು ಎಂಟು ಚಿಕ್ಕ ಅವಧಿಗಳಲ್ಲಿ ತೋರಿಸಿದರು. ಧೈರ್ಯ ಹೇಳಲಿಲ್ಲ, ಒತ್ತಾಯಿಸಲಿಲ್ಲ. ಅವರಲ್ಲಿ ಹೆಚ್ಚಿನ ಮಕ್ಕಳ ಹೆದರಿಕೆ ಕಡಿಮೆಯಾಯಿತು.

ನನ್ನ ಎದೆಗೆ ತಾಗುವುದು ಇದರ ಇನ್ನೊಂದು ಮಗ್ಗುಲು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿದ್ದವು. ಖಾಲಿ ಹುದ್ದೆ, ಬಡತನ, ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳು, ಕಾರಣಗಳು ಹಲವು. ಮನೋವಿಜ್ಞಾನದ ಒಂದು ಸಿದ್ಧಾಂತ ಅವೆಲ್ಲವನ್ನೂ ವಿವರಿಸುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಫಲಿತಾಂಶದ ಮರುದಿನ ಪತ್ರಿಕೆಯ ಪಟ್ಟಿಯಲ್ಲಿ ತನ್ನ ಜಿಲ್ಲೆಯನ್ನು ಕಟ್ಟಕಡೆಯಲ್ಲಿ ಕಾಣುವ ಒಂಬತ್ತನೆಯ ತರಗತಿಯ ಹುಡುಗಿ ಏನನ್ನು ನೋಡುತ್ತಾಳೆ? ತನ್ನಂಥವರು ಸೋತದ್ದನ್ನು. ಗೆದ್ದವರನ್ನು ಕಂಡು ನಂಬಿಕೆ ಏರುವಂತೆಯೇ, ತನ್ನ ಸರೀಕರು ಕಷ್ಟಪಟ್ಟೂ ಸೋತದ್ದನ್ನು ಕಂಡು ಅದು ಇಳಿಯುತ್ತದೆ ಎಂದು ಬಂಡುರಾ ಬರೆದಿದ್ದಾರೆ. ಆ ಹುಡುಗಿಗೆ ಮಂಗಳೂರಿನ ರ‍್ಯಾಂಕ್ ವಿದ್ಯಾರ್ಥಿಯ ಫೋಟೊ ತೋರಿಸಿ ಪ್ರಯೋಜನವಿಲ್ಲ. ಪಕ್ಕದ ಓಣಿಯ, ತೊಗರಿ ರಾಶಿಗೆ ಹೋಗುತ್ತಲೇ ಓದಿ ಪಾಸಾದ ಅಕ್ಕನನ್ನು ಶಾಲೆಗೆ ಕರೆಸಬೇಕು. ಹೇಗೆ ಓದಿದಳು, ಎಲ್ಲಿ ತೊಡರಿದಳು ಎಂದು ಅವಳ ಬಾಯಿಂದಲೇ ಕೇಳಿಸಬೇಕು.

ಮಾದರಿ ಓರಗೆಯವರಾಗಿರುವುದು ಮುಖ್ಯ. 1985ರಲ್ಲಿ ಡೇಲ್ ಶಂಕ್ ಮತ್ತು ಆಂಟನೆಟ್ ಹ್ಯಾನ್ಸನ್ ಅವರು ಕಳೆಯುವ ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗೆ ಆ ಲೆಕ್ಕ ಬಿಡಿಸುವ ದೃಶ್ಯಗಳನ್ನು ತೋರಿಸಿದರು. ಕೆಲವರು ನೋಡಿದ್ದು ಶಿಕ್ಷಕಿಯನ್ನು, ಕೆಲವರು ತಮ್ಮ ಓರಗೆಯ ಮಗುವನ್ನು. ಓರಗೆಯವರನ್ನು ನೋಡಿದ ಮಕ್ಕಳಲ್ಲಿ ತಮ್ಮ ಬಗೆಗಿನ ನಂಬಿಕೆಯೂ ಹೆಚ್ಚಿತು, ಲೆಕ್ಕವೂ ಹೆಚ್ಚು ಸರಿಯಾಯಿತು. ಇದನ್ನು ಓದಿದ ಮೇಲೆ ನಾನು ನನ್ನ ವಿದ್ಯಾರ್ಥಿಗಳಿಗೆ ಪಾಠಾಭ್ಯಾಸಕ್ಕೆ ಕಳಿಸುವಾಗ ಒಂದು ಮಾತು ಹೇಳುತ್ತೇನೆ: ಹಲಗೆಯ ಮುಂದಕ್ಕೆ ತರಗತಿಯ ಜಾಣನನ್ನು ಕರೆಯಬೇಡಿ, ಮೊನ್ನೆಯಷ್ಟೇ ಕಲಿತವರನ್ನು ಕರೆಯಿರಿ.

ಹೋದ ವರ್ಷ ಅವರ ಪಾಠ ನೋಡಲು ಯಾದಗಿರಿ ಕಡೆಯ ಶಾಲೆಯೊಂದರ ಮೂರನೆಯ ತರಗತಿಗೆ ಹೋಗಿದ್ದೆ. ಹಲಗೆಯ ಮೇಲೆ 52ರಲ್ಲಿ 28 ಕಳೆಯುವ ಲೆಕ್ಕ. ಎರಡು ಜಡೆಯ ಹುಡುಗಿ ಸುಣ್ಣದ ಕಡ್ಡಿ ಹಿಡಿದು ನಿಂತಿದ್ದಳು. ಎರಡರಲ್ಲಿ ಎಂಟು ಹೋಗುವುದಿಲ್ಲ ಎಂದು ಎಂಟರಲ್ಲೇ ಎರಡು ಕಳೆದು ಆರು ಬರೆದಳು. ಬರೆದು ಸುಮ್ಮನೆ ನಿಂತಳು. ಪಾಠ ಮಾಡುತ್ತಿದ್ದ ನನ್ನ ವಿದ್ಯಾರ್ಥಿ ಬಾಯಿ ತೆರೆಯಲಿಲ್ಲ. ಹುಡುಗಿ ತಾನಾಗಿಯೇ ಅಂಗೈಯಿಂದ ಆರನ್ನು ಒರೆಸಿ, "ಪಕ್ಕದ ಮನೆಯಿಂದ ಸಾಲ ತರಬೇಕು" ಎಂದು ಗಟ್ಟಿಯಾಗಿ ಹೇಳಿಕೊಂಡು, ಐದಕ್ಕೆ ಗೆರೆ ಹೊಡೆದು ನಾಲ್ಕು ಬರೆದಳು, ಎರಡನ್ನು ಹನ್ನೆರಡು ಮಾಡಿದಳು. ಕೊನೆಯ ಸಾಲಿನಲ್ಲಿ ಪಾಟಿಯ ಮೇಲೆ ಬರೆಯುವುದನ್ನು ನಿಲ್ಲಿಸಿ ಕೂತಿದ್ದ ಹುಡುಗನೊಬ್ಬ ಅವಳ ಕೈಯನ್ನೇ ನೋಡುತ್ತಿದ್ದ. ಆಮೇಲೆ ತಲೆ ತಗ್ಗಿಸಿ, ತನ್ನ ಪಾಟಿಯ ಮೇಲಿದ್ದ ಅಂಕಿಯೊಂದನ್ನು ಅಂಗೈಯಿಂದ ಒರೆಸಿದ.